ವಾಲ್ಟರ್ ನೆರ್ನ್‌ಸ್ಟ್

ಸತುವಿನ ಪಟ್ಟಿಯನ್ನು ಸತುವಿನ ಸಲ್ಫೇಟಿನ ದ್ರಾವಣದಲ್ಲಿಯೂ ತಾಮ್ರದ ಪಟ್ಟಿಯನ್ನು ಮೈಲುತುತ್ತದ ದ್ರಾವಣದಲ್ಲಿಯೂ ನಿಲ್ಲಿಸಿ, ಎರಡು ದ್ರಾವಣಗಳ ನಡುವೆ ಸರಂಧ್ರವಾದ ಗೋಡೆಯನ್ನಿರಿಸಿ, ಪಟ್ಟಿಗಳನ್ನು ತಂತಿಯಿಂದ ಜೋಡಿಸಿದರೆ ವಿದ್ಯುತ್ತು ಹರಿಯುತ್ತದೆ. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ರಚಿಸಿದ ವಿದ್ಯುತ್ಕೋಶವು ಇಂತಹುದೇ. ಅದರ ವಿಭವವು ಸುಮಾರು 1.1 ವೋಲ್ಟ್. ಅದು ಅಷ್ಟೇ ಏಕೆ ಇರಬೇಕು? ಈ ಪ್ರಶ್ನೆಗೆ ಗಣಿತದ ನಿಖರತೆಯಿಂದ ಉತ್ತರವಿತ್ತವನು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್.

ನೆರ್ನ್‌ಸ್ಟ್ 1864ನೆಯ ಇಸವಿ ಜೂನ್ 25ರಂದು ಅಂದಿನ ಪ್ರಷ್ಯದ ಬ್ರೀಸೆನ್ ಎಂಬ ಊರಿನಲ್ಲಿ ಜನಿಸಿದನು. ಆ ಊರು ಇಂದು ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆ ನ್ಯಾಯಾಧೀಶ. ಬಾಲಕನಿಗೆ ಮೊದಲು ಕವಿಯಾಗಬೇಕೆಂಬ ಹಂಬಲವಿದ್ದಿತು. ಆದರೆ ವಿಜ್ಞಾನವು ಅವನನ್ನು ತನ್ನೆಡೆಗೆ ಸೆಳೆಯಿತು. ಜ್ಯೂರಿಕ್, ಬರ್ಲಿನ್, ಗ್ರಾಟ್ಸ್ ಮತ್ತು ವುರ್ಟ್ಸ್‌ಬುರ್ಗ್ ನಗರಗಳಲ್ಲಿ ವ್ಯಾಸಂಗ ಮಾಡಿ 1887ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. ಬಳಿಕ ಲೈಪ್‌ಜಿಗ್‌ನಲ್ಲಿ ಪ್ರಸಿದ್ಧ ರಸಾಯನವಿಜ್ಞಾನಿ ಓಸ್ಟ್‌ವಾಲ್ಡನ ಸಹಾಯಕನಾದನು.

ರಾಸಾಯನಿಕ ಕ್ರಿಯೆಯಲ್ಲಿ ಹೊಮ್ಮುವ ಉಷ್ಣವೆಲ್ಲವೂ ಕೋಶದಲ್ಲಿ ವಿದ್ಯುಚ್ಛಕ್ತಿಯಾಗುವುದೆಂದು ಹಿಂದಿನವರು ಭಾವಿಸಿದ್ದರು. ಅಮೆರಿಕದ ಗಿಬ್ಸ್ ಮತ್ತು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದು ಸರಿಯಲ್ಲವೆಂದು ತೋರಿಸಿದರು. ಕೆಲಸಕ್ಕೆ ಒದಗುವ ಶಕ್ತಿಯನ್ನು ಮುಕ್ತಶಕ್ತಿ ಎನ್ನುತ್ತಾರೆ. ಅದೇ ಕೋಶದ ವಿಭವಕ್ಕೆ ಆಧಾರ. ನೆರ್ನ್‌ಸ್ಟ್ 1889ರಲ್ಲಿ ಈ ಉಷ್ಣಗತಿಶಾಸ್ತ್ರದ ತತ್ತ್ವವನ್ನು ವಿದ್ಯುದಗ್ರಕ್ಕೆ ಅನ್ವಯಿಸಿದನು. ನೀರು ಆವಿಯಾಗಲು ಹವಣಿಸುವಂತೆ ಲೋಹವೂ ಅಯಾನುಗಳ ರೂಪದಲ್ಲಿ ದ್ರಾವಣಕ್ಕಿಳಿಯಲು ಹವಣಿಸುತ್ತದೆ. ದ್ರಾವಣದ ಅಯಾನುಗಳು ಲೋಹದ ಮೇಲೆ ಮರಳಿ ಕೂಡಲು ಯತ್ನಿಸುತ್ತವೆ. ಇವೆರಡೂ ಸಮತೋಲಗೊಂಡಾಗ ಲೋಹಕ್ಕೂ ದ್ರಾವಣಕ್ಕೂ ನಡುವೆ ವಿಭವವು ನೆಲೆಗೊಳ್ಳುತ್ತದೆ. ದ್ರಾವಣದ ಸಾರತೆ ಬದಲಾದರೆ ಅದೂ ಬದಲಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾರತೆಯು ಹತ್ತುಪಟ್ಟು ಹೆಚ್ಚಿದಾಗ ಸತುವಿನ ವಿಭವವು ಸುಮಾರು 0.03 ವೋಲ್ಟ್ ಏರುವುದೆಂದು ಅವನ ಸಮೀಕರಣದಿಂದ ಲೆಕ್ಕ ಹಾಕಬಹುದು.

ಒಂದೇ ವಿದ್ಯುದಗ್ರದ ವಿಭವವನ್ನು ಪ್ರತ್ಯೇಕವಾಗಿ ಅಳೆಯಲು ಸಾಧ್ಯವಿಲ್ಲ. ಆದುದರಿಂದ ಜಲಜನಕದ ವಿದ್ಯುದಗ್ರವನ್ನು ಸೊನ್ನೆಯೆಂದು ಗಣಿಸುತ್ತಾರೆ. ಅದಕ್ಕೆ ಹೋಲಿಸಿದರೆ ಸತುವಿನ ಪ್ರಮಾಣಕ ವಿಭವ ಋಣ 0.76 ವೋಲ್ಟ್; ತಾಮ್ರದ್ದು ಧನ 0.34 ವೋಲ್ಟ್. ಇವೆರಡರ ಅಂತರವೇ ಡೇನಿಯಲ್ ಕೋಶದ 1.1 ವೋಲ್ಟ್.

ಮುಂದೆ ಗ್ಯೋಟಿಂಗೆನ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ನೆರ್ನ್‌ಸ್ಟ್ ಪ್ರಾಧ್ಯಾಪಕನಾದನು. 1906ರಲ್ಲಿ ಅವನು ಪ್ರಕಟಿಸಿದ ಉಷ್ಣಪ್ರಮೇಯವು ಉಷ್ಣಗತಿಶಾಸ್ತ್ರದ ಮೂರನೆಯ ನಿಯಮಕ್ಕೆ ತಳಹದಿಯಾಯಿತು. ಈ ಸಾಧನೆಗಾಗಿ 1920ನೆಯ ಸಾಲಿನ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವು ಅವನಿಗೆ ಲಭಿಸಿತು.

ಅವನ ಬಾಳು ಕೀರ್ತಿಯಿಂದ ಮಾತ್ರ ಕೂಡಿದುದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅವನು ತನ್ನ ಜ್ಞಾನವನ್ನು ಸೈನ್ಯಕ್ಕೆ ಒಪ್ಪಿಸಿದನು. ಕೆರಳಿಸುವ ರಾಸಾಯನಿಕಗಳನ್ನು ತುಂಬಿದ ಸಿಡಿಗುಂಡುಗಳ ಸಂಶೋಧನೆಯಲ್ಲಿಯೂ ಪಾಲ್ಗೊಂಡನು. ಅದೇ ಯುದ್ಧವು ಅವನ ಇಬ್ಬರು ಪುತ್ರರನ್ನೂ ಬಲಿ ತೆಗೆದುಕೊಂಡಿತು. ನಾಟ್ಸಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಅವನು ನಿವೃತ್ತನಾಗಿ ಹಳ್ಳಿಯ ತನ್ನ ಮನೆಯನ್ನು ಸೇರಿದನು. ಯೆಹೂದ್ಯರನ್ನು ವರಿಸಿದ್ದ ಅವನ ಇಬ್ಬರು ಹೆಣ್ಣುಮಕ್ಕಳು ದೇಶವನ್ನೇ ತೊರೆಯಬೇಕಾಯಿತು. 1941ನೆಯ ಇಸವಿ ನವೆಂಬರ್ 18ರಂದು ನೆರ್ನ್‌ಸ್ಟ್ ನಿಧನ ಹೊಂದಿದನು.

ಇಂದು ದ್ರಾವಣಗಳ ಆಮ್ಲತೆಯನ್ನು ಅಳೆಯುವ ಉಪಕರಣಗಳು ಅವನ ಸಮೀಕರಣವನ್ನೇ ಆಧರಿಸಿವೆ. ನಮ್ಮ ನರಕೋಶಗಳ ವಿದ್ಯುತ್ತನ್ನು ಅರಿಯಲೂ ಅದು ನೆರವಾಗುತ್ತದೆ. ಯುದ್ಧಕ್ಕಾಗಿ ಅವನು ಮಾಡಿದ ಕೆಲಸವಾದರೋ ಯಾರ ಬಾಳನ್ನೂ ಬೆಳಗಲಿಲ್ಲ. ಜ್ಞಾನವನ್ನು ಗಳಿಸುವುದರ ಜೊತೆಗೆ ಅದನ್ನು ಯಾವುದಕ್ಕೆ ಬಳಸಬೇಕೆಂಬ ವಿವೇಕವೂ ಮನುಷ್ಯನಿಗೆ ಅಗತ್ಯವೆಂಬುದನ್ನು ಅವನ ಜೀವನವು ನಮಗೆ ತಿಳಿಸುತ್ತದೆ.