ಮಿದುಳಿನ ಅಲೆಗಳನ್ನು ಕಂಡ ಹ್ಯಾನ್ಸ್ ಬರ್ಗರ್

ಹ್ಯಾನ್ಸ್ ಬರ್ಗರ್ 1873ರಲ್ಲಿ ಜರ್ಮನಿಯ ಕೋಬರ್ಗ್ ಹತ್ತಿರ ಹುಟ್ಟಿದರು. ಯುವಕರಾಗಿದ್ದಾಗ ಸೈನ್ಯದ ತರಬೇತಿಯಲ್ಲಿ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಗದೆ ಸ್ವಲ್ಪದರಲ್ಲಿ ಪಾರಾದರು. ಅದೇ ಸಂಜೆ ತಂದೆಯಿಂದ ಟೆಲಿಗ್ರಾಂ ಬಂತು. ದೂರದಲ್ಲಿದ್ದ ಸಹೋದರಿಗೆ ಇವರು ಅಪಾಯದಲ್ಲಿದ್ದಾರೆ ಎಂದು ಅನ್ನಿಸಿತ್ತಂತೆ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹೇಗೆ ತಿಳಿಯಿತು? ಈ ಪ್ರಶ್ನೆಗಾಗಿಯೇ ಗಣಿತ ಬಿಟ್ಟು ವೈದ್ಯಕೀಯ ಓದಿ, ಯೇನಾ ನಗರದಲ್ಲಿ ಮನೋವೈದ್ಯರಾದರು.

1924ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ತನ್ನು ದಾಖಲಿಸಿದರು. ತಲೆಯ ಮೇಲೆ ಸಿಗುವ ಆ ವಿದ್ಯುತ್ತು ಒಂದು ವೋಲ್ಟಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ತಮ್ಮ ಮೇಲೆಯೇ ಅನುಮಾನಪಟ್ಟು, ಸ್ವಂತ ಮಗನ ಮೇಲೂ ಪ್ರಯೋಗ ಮಾಡಿ, ಐದು ವರ್ಷಗಳ ನಂತರ 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿದಾಗ ಸೆಕೆಂಡಿಗೆ ಸುಮಾರು 10 ಅಲೆಗಳು. ಕಣ್ಣು ತೆರೆದರೆ ಅವು ಕುಗ್ಗುತ್ತವೆ. ಕೈ ಮುಟ್ಟಿದರೂ, ಮನಸ್ಸಿನಲ್ಲೇ ಲೆಕ್ಕ ಮಾಡಿದರೂ ಬದಲಾಗುತ್ತವೆ. ಮೊದಲು ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಅದನ್ನೇ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು.

ನಾವು ಕಾಮರ್ಸ್‌ನವರು ಖಾತೆಯ ಎರಡೂ ಬದಿ ಬರೆಯಬೇಕು. ನಾಜಿ ಆಡಳಿತದಲ್ಲಿ ರೋಗಿಗಳಿಗೆ ಬಲವಂತವಾಗಿ ಮಕ್ಕಳಾಗದಂತೆ ಮಾಡುವ ತೀರ್ಪು ಕೊಡುತ್ತಿದ್ದ ನ್ಯಾಯಾಲಯದಲ್ಲಿ ಬರ್ಗರ್ ಕೂತಿದ್ದರು. ಅದು ತಪ್ಪು. 1941ರಲ್ಲಿ ತೀರಿಕೊಂಡರು. ಸಹೋದರಿಗೆ ಹೇಗೆ ತಿಳಿಯಿತು ಎಂಬುದಕ್ಕೆ ಅವರ ಯಂತ್ರ ಉತ್ತರ ಕೊಡಲೇ ಇಲ್ಲ.

ಆದರೆ ಹೋದ ವರ್ಷ ನನ್ನ ತಮ್ಮನಿಗೆ ಫಿಟ್ಸ್ ಬಂದಾಗ ಡಾಕ್ಟರು ಮಾಡಿಸಿದ್ದು ಇದೇ ಇಇಜಿ. ಕಣ್ಣು ಮುಚ್ಚು, ತೆರೆ ಎಂದು ಅವನಿಗೆ ಹೇಳುತ್ತಿದ್ದರು. ಅಮ್ಮಿ ಹೊರಗೆ ದುವಾ ಮಾಡುತ್ತಿದ್ದರು. ಈಗ ಅವನು ಮಾತ್ರೆ ತೆಗೆದುಕೊಂಡು ಶಾಲೆಗೆ ಹೋಗುತ್ತಿದ್ದಾನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ