ಚಳಿಜ್ವರದ ದಾರಿಯನ್ನು ಕಂಡ ಸರ್ ರೊನಾಲ್ಡ್ ರಾಸ್

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದು, ಬಂಡೀಪುರದ ಅರಣ್ಯವನ್ನು ದಾಟಿ, ಮಸಿನಗುಡಿಯ ಮಾರ್ಗವಾಗಿ ಉದಕಮಂಡಲಕ್ಕೆ ಹೋಗುವವರಿಗೆ ಸೀಗೂರು ಘಟ್ಟವು ಎದುರಾಗುವುದು. 1897ರಲ್ಲಿ ಚಳಿಜ್ವರದ ಕಾರಣವನ್ನು ಶೋಧಿಸಲು ಅಲ್ಲಿಗೆ ಬಂದ ವೈದ್ಯರೊಬ್ಬರು ತಾವೇ ಆ ಜ್ವರಕ್ಕೆ ಗುರಿಯಾದರು. ಅವರೇ ರೊನಾಲ್ಡ್ ರಾಸ್.

ಇವರು 1857ನೆಯ ಇಸವಿ ಮೇ 13ರಂದು ಹಿಮಾಲಯದ ಅಲ್ಮೋರದಲ್ಲಿ ಜನಿಸಿದರು. ತಂದೆಯು ಸೇನಾಧಿಕಾರಿ. ಬಾಲಕನಿಗೆ ಕಾವ್ಯಸಂಗೀತಗಳಲ್ಲಿ ಆಸಕ್ತಿಯಿದ್ದರೂ, ತಂದೆಯ ಇಚ್ಛೆಗೆ ತಲೆಬಾಗಿ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯವನ್ನು ಕಲಿತರು. ಹಿಂದೆ ಅದೇ ಆಸ್ಪತ್ರೆಯ ವೈದ್ಯರಾಗಿದ್ದ ವಿಲಿಯಂ ಹಾರ್ವೆಯವರು, ರಕ್ತವು ದೇಹದಲ್ಲಿ ಸುತ್ತಿ ಸುತ್ತಿ ಹರಿಯುವುದೆಂದು 1628ರಲ್ಲಿ ಗ್ರಂಥಮುಖೇನ ಸಾಧಿಸಿದ್ದರು. ಹೃದಯದ ಬಲಭಾಗದಿಂದ ಶ್ವಾಸಕೋಶಗಳಿಗೆ, ಅಲ್ಲಿಂದ ಎಡಭಾಗಕ್ಕೆ, ಧಮನಿಗಳ ಮೂಲಕ ಸರ್ವಾಂಗಗಳಿಗೆ, ಸಿರೆಗಳ ಮೂಲಕ ಮರಳಿ ಹೃದಯಕ್ಕೆ; ಈ ಒಂದು ಸುತ್ತಿಗೆ ಸುಮಾರು ಒಂದು ನಿಮಿಷ ಸಾಕು.

ಚಳಿಜ್ವರದ ಕ್ರಿಮಿಯು ಈ ರಕ್ತದಲ್ಲಿಯೇ ಇರುವುದನ್ನು ಫ್ರಾನ್ಸಿನ ಲಾವೆರಾನರು 1880ರಲ್ಲಿ ಕಂಡಿದ್ದರು. ಆದರೆ ರಕ್ತನಾಳಗಳು ಎಲ್ಲ ಕಡೆಯೂ ಮುಚ್ಚಿದವು. ಹೀಗಿರಲು ಒಬ್ಬರ ರಕ್ತದಿಂದ ಮತ್ತೊಬ್ಬರ ರಕ್ತಕ್ಕೆ ಕ್ರಿಮಿಯು ಹೋಗುವ ಬಾಗಿಲು ಯಾವುದೆಂಬುದೇ ಯಾರಿಗೂ ಬಿಡಿಸಲಾಗದ ಪ್ರಶ್ನೆಯಾಗಿದ್ದಿತು.

1881ರಲ್ಲಿ ಭಾರತದ ವೈದ್ಯಸೇವೆಯನ್ನು ಸೇರಿದ ರಾಸರು, 1883ರಲ್ಲಿ ಬೆಂಗಳೂರಿನ ತಮ್ಮ ಬಂಗಲೆಯ ಹೊರಗಿದ್ದ ಪೀಪಾಯಿಯ ನೀರಿನಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ನೀರನ್ನು ಚೆಲ್ಲಿಸಿ ಸೊಳ್ಳೆಗಳ ಕಾಟವನ್ನು ತಗ್ಗಿಸಿದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ನರು ಸೊಳ್ಳೆಯ ಮೇಲಿನ ತಮ್ಮ ಸಂಶಯವನ್ನು ಇವರಿಗೆ ತಿಳಿಸಿದರು. ಮುಂದೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಸೊಳ್ಳೆಗಳನ್ನು ಸೀಳಿ ಪರೀಕ್ಷಿಸಿದರೂ ಫಲ ದೊರೆಯಲಿಲ್ಲ. ಸೀಗೂರಿನಲ್ಲಿ ಬಂದ ಜ್ವರವು ಗುಣವಾದ ಮೇಲೆ ಸಿಕಂದರಾಬಾದಿಗೆ ಮರಳಿ, ಬೇಸಗೆಯ ತಾಪದಲ್ಲಿ ಸೂಕ್ಷ್ಮದರ್ಶಕದ ಮುಂದೆ ಪುನಃ ಕುಳಿತರು. ಹುಸೇನ್ ಖಾನ್ ಎಂಬ ರೋಗಿಯು, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ತನ್ನ ಮೈಯನ್ನೊಡ್ಡಿದನು. 1897ನೆಯ ಆಗಸ್ಟ್ 20ರಂದು, ಅವನ ರಕ್ತವನ್ನು ಹೀರಿದ್ದ ಚುಕ್ಕೆರೆಕ್ಕೆಯ ಸೊಳ್ಳೆಯ ಜಠರದ ಗೋಡೆಯಲ್ಲಿ ಚಳಿಜ್ವರದ ಕ್ರಿಮಿಯು ಗೋಚರವಾಯಿತು. ಮರುವರ್ಷ ಕಲ್ಕತ್ತೆಯಲ್ಲಿ, ಪಕ್ಷಿಗಳ ಚಳಿಜ್ವರವನ್ನು ಪರೀಕ್ಷಿಸಿ, ಕ್ರಿಮಿಯು ಸೊಳ್ಳೆಯ ಜೊಲ್ಲಿನ ಗ್ರಂಥಿಗಳನ್ನು ಸೇರಿ ಕಚ್ಚಿದಾಗ ಇನ್ನೊಂದು ಪಕ್ಷಿಯ ರಕ್ತವನ್ನು ಹೊಗುವುದೆಂದು ಸಿದ್ಧಪಡಿಸಿದರು. ಮನುಷ್ಯರಲ್ಲಿಯೂ ಹಾಗೆಯೇ ಎಂಬುದನ್ನು ಅದೇ ವರ್ಷ ಇಟಲಿಯ ವಿದ್ವಾಂಸರು ತೋರಿಸಿದರು.

1902ರಲ್ಲಿ ನೊಬೆಲ್ ಪಾರಿತೋಷಕವು ರಾಸರಿಗೆ ಲಭಿಸಿತು. 1932ನೆಯ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ದೈವಾಧೀನರಾದರು.

ಹಾರ್ವೆಯವರು ದೇಹದೊಳಗಿನ ರಕ್ತದ ಸುತ್ತನ್ನು ತಿಳಿಸಿದರು. ಆ ಸುತ್ತಿಗೆ ಹೊರಗಿನಿಂದ ರೋಗವು ಪ್ರವೇಶಿಸುವ ಬಾಗಿಲನ್ನು ರಾಸರು ತೋರಿಸಿದರು. ಆ ಬಾಗಿಲನ್ನು ಮುಚ್ಚುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಹರವಿ, ತೊಟ್ಟಿಗಳಿಗೆ ಮುಚ್ಚಳವಿಟ್ಟು, ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಿ, ಮಲಗುವಾಗ ಮಕ್ಕಳಿಗೆ ಸೊಳ್ಳೆಪರದೆಯನ್ನು ಕಟ್ಟಿದರೆ, ದೇವರು ಅದ್ಭುತವಾಗಿ ನಿರ್ಮಿಸಿದ ಈ ದೇಹವನ್ನು ಕಾಪಾಡುವ ಕಾರ್ಯದಲ್ಲಿ ನಮ್ಮ ಶಾಲೆಯ ಹೆಣ್ಣುಮಕ್ಕಳೂ ಅವರ ತಾಯಿತಂದೆಗಳೂ ಆ ಮಹನೀಯರ ಸಹಾಯಕರಾಗುವರು.