ಎರಡೂ ಕಡೆಯವರ ನಾನಕರು



ಕಾರ್ತಿಕ ಹುಣ್ಣಿಮೆಯಂದು ನಮ್ಮ ಮನೆಗಳಲ್ಲಿ, ಗುಡಿಗಳಲ್ಲಿ ದೀಪ ಹಚ್ಚುತ್ತೇವೆ. ಅದೇ ದಿನ ಸಿಖ್ಖರು ಗುರು ನಾನಕರ ಜಯಂತಿ ಆಚರಿಸುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯ ಸದಸ್ಯರಿಗೂ ಜಹೀರಾಬಾದ್ ಕಡೆಯವರಿಗೂ ಬೀದರಿನ ನಾನಕ್ ಝೀರಾ ಗುರುದ್ವಾರ ದೂರದ ಊರಲ್ಲ. ಅಲ್ಲಿನ ನೀರು ಕುಡಿದು, ಲಂಗರಿನಲ್ಲಿ ಊಟ ಮಾಡಿ ಬಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಆ ಹೆಸರಿನ ಮನುಷ್ಯ ಹೇಗೆ ಬದುಕಿದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಧರ್ಮದ ಹೆಸರಿನಲ್ಲಿ ಮಾತು ಬಿರುಸಾಗುತ್ತಿರುವ ಈ ದಿನಗಳಲ್ಲಿ ಆ ಬದುಕನ್ನು ಒಮ್ಮೆ ನೆನೆಯುವುದು ಒಳ್ಳೆಯದೆಂದು ಈ ಬಾರಿ ಅದನ್ನೇ ಆರಿಸಿಕೊಂಡಿದ್ದೇವೆ.

ನಾನಕರು ಹುಟ್ಟಿದ್ದು 1469ರಲ್ಲಿ, ಲಾಹೋರಿನ ಪಶ್ಚಿಮಕ್ಕಿರುವ ತಲವಂಡಿ ಎಂಬ ಹಳ್ಳಿಯಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ, ಅವರ ಹೆಸರಿನಿಂದಲೇ ನಾನಕಾನಾ ಸಾಹಿಬ್ ಎನಿಸಿಕೊಂಡಿದೆ. ತಂದೆ ಮೆಹ್ತಾ ಕಾಲು ಖತ್ರಿ ಕುಲದವರು, ಊರಿನ ಪಟವಾರಿ. ಬೀದರ್, ಕಲಬುರಗಿ ಕಡೆಯವರಿಗೆ ಪಟವಾರಿ ಎಂದರೆ ಸಾಕು. ಹಳೇ ಮೈಸೂರು ಕಡೆಯವರು ಶಾನುಭೋಗರು ಎಂದುಕೊಳ್ಳಬಹುದು. ತಾಯಿ ತ್ರಿಪ್ತಾ, ಅಕ್ಕ ನಾನಕಿ. ಊರಿನ ಒಡೆಯ ರಾಯ್ ಬುಲಾರ್ ಭಟ್ಟಿ ಮುಸಲ್ಮಾನ. ಹುಡುಗನಲ್ಲಿ ಏನೋ ವಿಶೇಷವಿದೆ ಎಂದು ಮೊದಲು ಗುರುತಿಸಿದವರು ಅಕ್ಕ ನಾನಕಿ ಮತ್ತು ಈ ರಾಯ್ ಬುಲಾರ್ ಎಂದು ಸಿಖ್ಖರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ.

ನಾನಕರ ಬಾಲ್ಯದ ಕಥೆಗಳು ನಮಗೆ ಸಿಗುವುದು ಜನಮ್‌ಸಾಖಿಗಳಲ್ಲಿ. ಅವು ಭಕ್ತರು ಬರೆದ ಚರಿತ್ರೆಗಳು. ನಡೆದದ್ದೂ ನಂಬಿದ್ದೂ ಅವುಗಳಲ್ಲಿ ಕೂಡಿಕೊಂಡಿವೆ. ನಮ್ಮ ಶರಣರ, ದಾಸರ ಕಥೆಗಳನ್ನು ಓದುವ ಹಾಗೆಯೇ ಅವನ್ನೂ ಓದಬೇಕು. ಉಪನಯನದ ದಿನ ಬಾಲಕ ನಾನಕ ಜನಿವಾರ ಹಾಕಿಕೊಳ್ಳಲು ಒಪ್ಪಲಿಲ್ಲವಂತೆ. ಹರಿಯದ, ಕೊಳೆಯಾಗದ, ದಯೆಯಿಂದಲೇ ನೇಯ್ದ ದಾರವಿದ್ದರೆ ಕೊಡಿ ಎಂದು ಪುರೋಹಿತರನ್ನು ಕೇಳಿದನಂತೆ. ಮುಂದೊಮ್ಮೆ ವ್ಯಾಪಾರ ಕಲಿಯಲಿ ಎಂದು ತಂದೆ 20 ರೂಪಾಯಿ ಕೊಟ್ಟು ಕಳಿಸಿದರು. ಮಗ ದಾರಿಯಲ್ಲಿ ಸಿಕ್ಕ ಹಸಿದ ಸಾಧುಗಳಿಗೆ ಊಟ ಹಾಕಿ ಬರಿಗೈಯಲ್ಲಿ ಮನೆಗೆ ಬಂದ. ತಂದೆಯ ಸಿಟ್ಟು ನಮಗೆ ಅರ್ಥವಾಗುವಂಥದೇ. ಆ ವ್ಯಾಪಾರವನ್ನು ಸಿಖ್ಖರು ಇಂದಿಗೂ ಸಚ್ಚಾ ಸೌದಾ, ಅಂದರೆ ನಿಜವಾದ ವ್ಯಾಪಾರ ಎನ್ನುತ್ತಾರೆ.

ಮಗ ಮನೆಯಲ್ಲಿದ್ದರೆ ಬದುಕು ಹಿಡಿಯಲಾರ ಎಂದು ಅವರನ್ನು ಸುಲ್ತಾನಪುರ ಲೋಧಿಗೆ, ಅಕ್ಕನ ಮನೆಗೆ ಕಳಿಸಿದರು. ಭಾವ ಜೈರಾಮ್ ಅಲ್ಲಿನ ದೌಲತ್ ಖಾನ್ ಲೋಧಿಯ ಕೈಕೆಳಗೆ ಕೆಲಸದಲ್ಲಿದ್ದರು. ಅವರು ಹೇಳಿ ನಾನಕರಿಗೆ ನವಾಬನ ಧಾನ್ಯದ ಉಗ್ರಾಣದಲ್ಲಿ ಕೆಲಸ ಕೊಡಿಸಿದರು. ಆಗ ಸಂಬಳವಾಗಿ, ಕಂದಾಯವಾಗಿ ಕೈ ಬದಲಾಗುತ್ತಿದ್ದುದು ಕಾಳೇ. ನಾನಕರು ತೂಗುತ್ತಾ 13ಕ್ಕೆ ಬಂದರೆ ಅಲ್ಲೇ ನಿಂತುಬಿಡುತ್ತಿದ್ದರಂತೆ. ಪಂಜಾಬಿಯಲ್ಲಿ ತೇರಾ ಎಂದರೆ ಹದಿಮೂರೂ ಹೌದು, ನಿನ್ನದು ಎಂದೂ ಹೌದು. ಎಲ್ಲವೂ ದೇವರದ್ದೇ ಎಂಬ ಭಾವದಲ್ಲಿ ಮುಳುಗಿ ಲೆಕ್ಕ ಮರೆಯುತ್ತಿದ್ದರು. ಉಗ್ರಾಣ ಬರಿದು ಮಾಡುತ್ತಿದ್ದಾನೆ ಎಂದು ದೂರು ಹೋಗಿ, ಲೆಕ್ಕ ನೋಡಿದಾಗ ಒಂದು ಕಾಳೂ ಕಡಿಮೆ ಇರಲಿಲ್ಲ ಎಂದು ಕಥೆ ಮುಗಿಯುತ್ತದೆ. ಬಟಾಲಾದ ಸುಲಖಣಿಯವರೊಡನೆ ಮದುವೆಯಾಗಿ ಶ್ರೀಚಂದ್, ಲಖ್ಮೀದಾಸ್ ಎಂಬ ಇಬ್ಬರು ಮಕ್ಕಳೂ ಆದರು.

ಸುಲ್ತಾನಪುರದ ದಿನಗಳಲ್ಲಿ ನಾನಕರ ಜೊತೆಗಿದ್ದ ಗೆಳೆಯ ಮರ್ದಾನ. ತಲವಂಡಿಯವನೇ, ಹಾಡುವುದೇ ಕುಲವೃತ್ತಿಯಾದ ಮುಸ್ಲಿಂ ಮಿರಾಸಿ. ಅವನು ರಬಾಬ್ ನುಡಿಸುತ್ತಿದ್ದ, ನಾನಕರು ಹಾಡುತ್ತಿದ್ದರು. ಹಿಂದೂ ಮನೆಯ ಹುಡುಗನ ಹಾಡಿಗೆ ಮುಸಲ್ಮಾನನ ತಂತಿ. ಸಿಖ್ ಕೀರ್ತನೆಯ ಮೊದಲ ದಿನದಿಂದಲೇ ಇದು ಹೀಗಿತ್ತು ಎಂಬುದನ್ನು ಮರೆಯಬಾರದು.

ಸುಮಾರು 30ರ ವಯಸ್ಸಿನಲ್ಲಿ ಒಂದು ಬೆಳಗ್ಗೆ ನಾನಕರು ಊರ ಪಕ್ಕದ ಕಾಲೀ ಬೇಯಿಂ ಹೊಳೆಗೆ ಸ್ನಾನಕ್ಕೆ ಇಳಿದವರು ಮೇಲೆ ಬರಲಿಲ್ಲ. ಮೂರು ದಿನ ಹುಡುಕಿ ಜನ ಆಸೆ ಬಿಟ್ಟರು. ಮೂರನೆಯ ದಿನ ಅವರು ಮರಳಿ ಬಂದಾಗ ಹೇಳಿದ ಮೊದಲ ಮಾತು ಹಿಂದೂ ಎಂಬುವನೂ ಇಲ್ಲ, ಮುಸಲ್ಮಾನ ಎಂಬುವನೂ ಇಲ್ಲ ಎಂಬ ಅರ್ಥದ್ದು. ಊರಲ್ಲಿ ಗದ್ದಲವಾಯಿತು. ಕಾಜಿ ದೂರು ಕೊಟ್ಟ, ನವಾಬ ಕರೆಸಿದ. ನಮ್ಮೊಡನೆ ನಮಾಜಿಗೆ ಬಾ ಎಂದರು. ನಾನಕರು ಹೋದರು, ಆದರೆ ಸಾಲಿನಲ್ಲಿ ಬಾಗದೆ ನಿಂತೇ ಇದ್ದರು. ಯಾಕೆ ಎಂದು ಕೇಳಿದ್ದಕ್ಕೆ, ನೀವಿಬ್ಬರೂ ಇಲ್ಲಿ ಇರಲೇ ಇಲ್ಲವಲ್ಲ, ಯಾರ ಜೊತೆ ಬಾಗಲಿ ಎಂದರಂತೆ. ಕಾಜಿಯ ಮನಸ್ಸು ಮನೆಯಂಗಳದಲ್ಲಿ ಆಗತಾನೆ ಹುಟ್ಟಿದ ಕುದುರೆಮರಿ ಬಾವಿಗೆ ಬಿದ್ದೀತೇನೋ ಎಂಬ ಚಿಂತೆಯಲ್ಲಿತ್ತು. ನವಾಬನ ಮನಸ್ಸು ಕಾಬೂಲಿನಲ್ಲಿ ಕುದುರೆ ಕೊಳ್ಳುತ್ತಿತ್ತು. ಇಬ್ಬರೂ ಒಪ್ಪಿಕೊಂಡರಂತೆ. ಇಲ್ಲಿ ನಮಾಜಿನ ನಿಂದೆ ಇಲ್ಲ. ಪೂಜೆಗೆ ಕೂತು ಒಲೆಯ ಮೇಲಿನ ಹಾಲನ್ನು ನೆನೆಯುವ ನಮಗೂ ಆ ಮಾತು ತಾಗುತ್ತದೆ.

ಅಲ್ಲಿಂದ ಶುರುವಾದದ್ದು ತಿರುಗಾಟ. ನಾಲ್ಕು ದಿಕ್ಕಿಗೂ ಅವರು ಮಾಡಿದ ದೀರ್ಘ ಪ್ರವಾಸಗಳನ್ನು ಉದಾಸಿಗಳು ಎನ್ನುತ್ತಾರೆ. ಪೂರ್ವಕ್ಕೆ ಕಾಶಿಯ ಆಚೆ, ದಕ್ಷಿಣಕ್ಕೆ ಸಿಂಹಳದವರೆಗೆ, ಉತ್ತರಕ್ಕೆ ಹಿಮಾಲಯ, ಪಶ್ಚಿಮಕ್ಕೆ ಮೆಕ್ಕಾ, ಬಾಗ್ದಾದ್ ಎಂದು ಸಂಪ್ರದಾಯ ಹೇಳುತ್ತದೆ. ದಕ್ಷಿಣದ ಈ ದಾರಿಯಲ್ಲೇ ಅವರು ಬೀದರಿಗೆ ಬಂದರು, ಕುಡಿಯುವ ನೀರಿಗೆ ಬವಣೆ ಪಡುತ್ತಿದ್ದ ಜನರನ್ನು ಕಂಡು ಕಲ್ಲು ಸರಿಸಿದಾಗ ಸಿಹಿನೀರಿನ ಝರಿ ಹರಿಯಿತು ಎಂಬುದು ನಂಬಿಕೆ. ಗಂಗೆಯ ದಡದಲ್ಲಿ ಜನ ಸೂರ್ಯನತ್ತ ನೀರು ಬಿಡುತ್ತಿದ್ದಾಗ ಅವರು ಪಶ್ಚಿಮಕ್ಕೆ ತಿರುಗಿ, ಪಂಜಾಬಿನ ತಮ್ಮ ಹೊಲಕ್ಕೆಂದು ನೀರು ಚೆಲ್ಲಿದರು. ಮೆಕ್ಕಾದಲ್ಲಿ ಕಾಬಾದ ಕಡೆ ಕಾಲು ಚಾಚಿ ಮಲಗಿದ್ದಾರೆಂದು ಬೈದವನಿಗೆ, ದೇವರಿಲ್ಲದ ದಿಕ್ಕು ತೋರಿಸಿದರೆ ಅತ್ತ ಕಾಲು ತಿರುಗಿಸಿಕೊಳ್ಳುವುದಾಗಿ ಹೇಳಿದರು. ಎರಡೂ ಕಥೆಗಳನ್ನು ಜೊತೆಯಲ್ಲಿಟ್ಟು ನೋಡಿ. ಒಂದು ಕಡೆಯವರನ್ನು ಮಾತ್ರ ಪ್ರಶ್ನಿಸಿ ಇನ್ನೊಂದು ಕಡೆಯವರ ಚಪ್ಪಾಳೆ ಪಡೆಯುವ ಬುದ್ಧಿ ಅವರಿಗಿರಲಿಲ್ಲ.

ಸೈದಪುರ ಎಂಬ ಊರಿನಲ್ಲಿ ಲಾಲೋ ಎಂಬ ಬಡಗಿಯ ಮನೆಯಲ್ಲಿ ಅವರು ಉಳಿಯುತ್ತಿದ್ದರು. ಊರಿನ ದೊಡ್ಡ ಅಧಿಕಾರಿ ಮಲಿಕ್ ಭಾಗೋ ಕರೆದ ಔತಣವನ್ನು ಬಿಟ್ಟು ಆ ಬಡಗಿಯ ಒಣರೊಟ್ಟಿ ಉಂಡರು; ಬೆವರಿನ ಅನ್ನಕ್ಕೂ ಸುಲಿಗೆಯ ಅನ್ನಕ್ಕೂ ಇರುವ ಅಂತರವನ್ನು ತೋರಿಸಿದರು. ಇದೇ ಸೈದಪುರದ ಮೇಲೆ 1520–21ರ ಸುಮಾರಿಗೆ ಬಾಬರನ ಸೈನ್ಯ ಬಿತ್ತು. ಕೊಲೆ, ಸುಲಿಗೆ, ಹೆಂಗಸರ ಮೇಲೆ ಅತ್ಯಾಚಾರ ನಡೆದವು. ನಾನಕರನ್ನೂ ಮರ್ದಾನನನ್ನೂ ಸೆರೆಹಿಡಿದು ದುಡಿಸಿದರು ಎಂದು ಜನಮ್‌ಸಾಖಿಗಳು ಹೇಳುತ್ತವೆ.

ಆ ನೋವಿನಿಂದ ಹುಟ್ಟಿದ ನಾಲ್ಕು ಹಾಡುಗಳು ಬಾಬರವಾಣಿ ಎಂದು ಹೆಸರಾಗಿವೆ. ಕಣ್ಣೆದುರಿಗೆ ಹಿಂಸೆ ಕಂಡವರೊಬ್ಬರು ಅದನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಅವು ಮಾದರಿ. ದಾಳಿ ಮಾಡಿದವರು ಮುಸಲ್ಮಾನರು ಎಂದು ಅವರು ಇಡೀ ಸಮುದಾಯವನ್ನು ದೂರಲಿಲ್ಲ. ಹಿಂದೂ ಹೆಂಗಸರ ಗೋಳಿನ ಜೊತೆಗೇ ಮುಸ್ಲಿಂ ಹೆಂಗಸರ ಗೋಳನ್ನೂ ಹೆಸರಿಸಿ ಹಾಡಿದರು. ಬಾಬರನ ಸೈನ್ಯವನ್ನು ಪಾಪದ ದಿಬ್ಬಣಕ್ಕೆ ಹೋಲಿಸಿದರು. ಭೋಗದಲ್ಲಿ ಮೈಮರೆತು ಪ್ರಜೆಗಳನ್ನು ಕಾಯದೆ ಹೋದ ಇಲ್ಲಿನ ಆಳುವವರನ್ನೂ ಬಿಡಲಿಲ್ಲ. ಇಷ್ಟು ಜನ ನರಳಿದರೂ ನಿನಗೆ ಕರುಣೆ ಬರಲಿಲ್ಲವೇ ಎಂದು ದೇವರನ್ನೇ ಕೇಳಿದರು. ಸತ್ತವರ ಧರ್ಮ ನೋಡಿ ಅಳಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಬುದ್ಧಿ ಆ ಹಾಡುಗಳಲ್ಲಿ ಎಲ್ಲೂ ಇಲ್ಲ.

ಮುಂದೆ ನಾನಕರು ರಾವಿ ನದಿಯ ದಡದಲ್ಲಿ ಕರ್ತಾರಪುರ ಎಂಬ ಊರು ಕಟ್ಟಿ ನೆಲೆನಿಂತರು. ಸಾಧುವಿನ ಉಡುಪು ತೆಗೆದಿಟ್ಟು ಸಂಸಾರಿಯ ಬಟ್ಟೆ ತೊಟ್ಟು ಹೊಲ ಉತ್ತರು. ದುಡಿ, ಹಂಚಿಕೊಂಡು ಉಣ್ಣು, ನಾಮ ನೆನೆ ಎಂಬ ಮೂರೇ ಪಾಠ. ಬೆಳಗ್ಗೆ ಸಂಜೆ ಕೂಡಿ ಹಾಡುವುದು ಸಂಗತ್, ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಪಂಗತ್, ಆ ಊಟವೇ ಲಂಗರ್. ಜಾತಿ ಕೇಳದ ಆ ಊಟವನ್ನು ಕಂಡರೆ ನಮಗೆ ಕಲ್ಯಾಣದ ದಾಸೋಹ ನೆನಪಾಗದೆ ಇರದು.

ಈ ದಿನಗಳಲ್ಲೇ ಶಿವರಾತ್ರಿಯ ಜಾತ್ರೆಗೆ ಅಚಲ ಬಟಾಲಾಕ್ಕೆ ಹೋದಾಗ ನಾಥಪಂಥದ ಯೋಗಿಗಳು ಎದುರಾದರು. ವಿರಕ್ತನಾಗಿದ್ದವನು ಮತ್ತೆ ಸಂಸಾರಿಯಾದೆಯಲ್ಲ ಎಂದು ಹಂಗಿಸಿದರು. ಮನೆ ಬಿಟ್ಟೆವೆಂದು ಹೇಳಿಕೊಂಡು ಮತ್ತೆ ಮನೆಯವರ ಬಾಗಿಲಿಗೇ ಭಿಕ್ಷೆಗೆ ಬರುತ್ತೀರಲ್ಲ ಎಂದು ಇವರು ಕೇಳಿದರು. ಸಿದ್ಧರೊಡನೆ ನಡೆಸಿದ ಇಂಥ ಮಾತುಕತೆಯನ್ನು ನಾನಕರು 73 ಪದಗಳ ಸಿದ್ಧಗೋಷ್ಠಿ ಎಂಬ ರಚನೆಯಾಗಿ ಮಾಡಿದರು. ಅದರಲ್ಲಿ ಯೋಗಿಗಳ ಪ್ರಶ್ನೆಗಳಿಗೂ ಪೂರ್ತಿ ಜಾಗವಿದೆ. ಎದುರಾಳಿಯ ಬಾಯಿ ಮುಚ್ಚಿಸಿ ಗೆದ್ದದ್ದಲ್ಲ. ಅವರ ಮಾತನ್ನು ಅವರ ಬಾಯಲ್ಲೇ ಆಡಿಸಿ, ಆಮೇಲೆ ಉತ್ತರ ಕೊಟ್ಟದ್ದು. ಶೂನ್ಯಸಂಪಾದನೆಯಲ್ಲಿ ಅಲ್ಲಮನೂ ಗೋರಕ್ಷನೂ ಎದುರುಬದುರಾಗುವುದನ್ನು ಓದಿದ ಕನ್ನಡಿಗರಿಗೆ ಗೋಷ್ಠಿ ಎಂಬ ಮಾತಿನ ತೂಕ ಬೇರೆ ಹೇಳಬೇಕಿಲ್ಲ. ಬಿಚ್ಚುಮನಸ್ಸಿನ ಚರ್ಚೆ ಎಂದರೆ ಅದು. ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಬೈಗುಳ ಕಳಿಸುವುದನ್ನು ಚರ್ಚೆ ಎಂದು ಕರೆಯುವ ನಾವು ಇದನ್ನು ಗಮನಿಸಬೇಕು.

ತಮ್ಮ ನಂತರ ಯಾರು ಎಂಬ ಪ್ರಶ್ನೆ ಬಂದಾಗ ನಾನಕರು ಇಬ್ಬರು ಮಕ್ಕಳನ್ನೂ ಬಿಟ್ಟು ಶಿಷ್ಯ ಲೆಹಣಾನನ್ನು ಆರಿಸಿದರು. ಅವರೇ ಗುರು ಅಂಗದ್. ಜನರ ಮಾತಿಗೆ ಗುರುಮುಖಿ ಲಿಪಿಯನ್ನು ಅಚ್ಚುಕಟ್ಟು ಮಾಡಿಕೊಟ್ಟವರು. ನಾನಕರು 1539ರಲ್ಲಿ ಕರ್ತಾರಪುರದಲ್ಲೇ ತೀರಿಕೊಂಡರು. ಸುಡಬೇಕೆಂದು ಹಿಂದೂಗಳು, ಹೂಳಬೇಕೆಂದು ಮುಸಲ್ಮಾನರು ಜಗ್ಗಾಡಿದರಂತೆ. ಮರುದಿನ ಹೊದಿಕೆ ಸರಿಸಿದಾಗ ಹೂಗಳು ಮಾತ್ರ ಇದ್ದವು, ಅರ್ಧರ್ಧ ಹಂಚಿಕೊಂಡರು ಎಂದು ಕಥೆ. ಇಂದಿಗೂ ಅಲ್ಲಿ ಸಮಾಧಿಯೂ ಇದೆ, ಗೋರಿಯೂ ಇದೆ.

1604ರಲ್ಲಿ ಐದನೆಯ ಗುರು ಅರ್ಜನರು ಧರ್ಮಗ್ರಂಥವನ್ನು ಕೂಡಿಸಿದಾಗ ಗುರುಗಳ ಹಾಡುಗಳ ಜೊತೆಗೆ ಸೂಫಿ ಫರೀದ, ನೇಕಾರ ಕಬೀರ, ಚಮ್ಮಾರ ರವಿದಾಸ, ಪಂಢರಪುರದ ವಿಠ್ಠಲನ ಭಕ್ತ ನಾಮದೇವ ಇವರ ಹಾಡುಗಳನ್ನೂ ಸೇರಿಸಿದರು. ನಾಮದೇವರವೇ 61 ಇವೆ. ಸೊಲ್ಲಾಪುರ ಜಿಲ್ಲೆಯ ನಮ್ಮ ಸದಸ್ಯರು ಆಷಾಢದಲ್ಲಿ ನಡೆದುಹೋಗುವ ಊರಿನ ಭಕ್ತಿ ಹೀಗೆ ಪಂಜಾಬಿನ ಪ್ರತಿ ಗುರುದ್ವಾರದಲ್ಲೂ ಉಳಿದಿದೆ. 1699ರಲ್ಲಿ ಗುರು ಗೋವಿಂದ ಸಿಂಹರು ಆನಂದಪುರದಲ್ಲಿ ಖಾಲ್ಸಾ ಸ್ಥಾಪಿಸಿದಾಗ ಮುಂದೆ ಬಂದ ಪಂಚ ಪ್ಯಾರೇ ಐವರಲ್ಲಿ ಸಾಹಿಬ್ ಸಿಂಗ್ ನಮ್ಮ ಬೀದರಿನ ಕ್ಷೌರಿಕ ಮನೆತನದವರು.

ಇಷ್ಟೆಲ್ಲ ಇದ್ದೂ ನಾನಕರ ನೆಲ ರಕ್ತ ಕಾಣದೆ ಉಳಿಯಲಿಲ್ಲ. 1947ರಲ್ಲಿ ಅದೇ ಪಂಜಾಬಿನಲ್ಲಿ ಹಿಂದೂಗಳು, ಸಿಖ್ಖರು, ಮುಸಲ್ಮಾನರು ಒಬ್ಬರನ್ನೊಬ್ಬರು ಕಡಿದರು. 1980ರ ದಶಕದಲ್ಲಿ ಸಿಖ್ ಉಗ್ರರು ಬಸ್ಸಿನಿಂದ ಇಳಿಸಿ ಹಿಂದೂಗಳನ್ನು ಕೊಂದರು. ಶಾಂತಿಯ ಒಪ್ಪಂದಕ್ಕೆ ಸಹಿ ಹಾಕಿದ ಸಂತ ಲೋಂಗೋವಾಲರನ್ನು 1985ರಲ್ಲಿ ಕೊಂದರು. 1984ರ ನವೆಂಬರಿನಲ್ಲಿ ದೆಹಲಿಯಲ್ಲಿ ಸಾವಿರಾರು ಸಿಖ್ಖರ ಹತ್ಯೆಯಾಯಿತು. ದೂರದ ಸುದ್ದಿ ಎಂದುಕೊಳ್ಳುವ ಹಾಗಿಲ್ಲ. 1988ರಲ್ಲಿ ಬೀದರಿನಲ್ಲೇ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಗುಂಪಿನ ಕೈಯಲ್ಲಿ ಸತ್ತರು. ಝರಿಯ ನೀರಿನ ಕಥೆ ಹೇಳುವಾಗ ಇದನ್ನೂ ಹೇಳದಿದ್ದರೆ ನಾವು ಪ್ರಾಮಾಣಿಕರಾಗುವುದಿಲ್ಲ.

ದೇಶವಿಭಜನೆಯಲ್ಲಿ ಕರ್ತಾರಪುರ ಗಡಿಯ ಆಚೆ ಉಳಿಯಿತು. ನಡುವಿನ ದೂರ ನಾಲ್ಕೈದು ಕಿಲೋಮೀಟರ್ ಅಷ್ಟೇ. ಎಷ್ಟೋ ವರ್ಷ ಈಚೆಯ ಡೇರಾ ಬಾಬಾ ನಾನಕ್‌ನಲ್ಲಿ ನಿಂತು ದುರ್ಬೀನಿನಲ್ಲಿ ಆ ಬಿಳಿಯ ಗುಮ್ಮಟ ನೋಡಿ ಭಕ್ತರು ಕೈ ಮುಗಿದರು. 2019ರ ನವೆಂಬರ್ 9ರಂದು, ನಾನಕರ 550ನೆಯ ಜಯಂತಿಯ ಹೊತ್ತಿಗೆ, ಅಲ್ಲಿಗೊಂದು ದಾರಿ ತೆರೆಯಿತು. ಬೇಕಾದದ್ದು ಕಣ್ಣಿಗೆ ಕಾಣುತ್ತಿದ್ದರೂ ಗೆರೆಯ ಆಚೆ ಇರುವುದು ಎಂದರೇನು ಎಂಬುದು ಗಡಿನಾಡಿನ ನಮಗೆ ಸ್ವಲ್ಪವಾದರೂ ಗೊತ್ತು.

ನಮ್ಮ ಊರುಗಳಲ್ಲಿ ನಾವು ಕಡಿಮೆ ಸಂಖ್ಯೆಯವರು. ಮಲಯಾಳಂ, ತಮಿಳು, ಮರಾಠಿ, ತೆಲುಗು, ಕೊಂಕಣಿ ಮಾತಾಡುವವರ ನಡುವೆ, ಹಲವು ಧರ್ಮದ ನೆರೆಹೊರೆಯಲ್ಲಿ ಬದುಕುತ್ತೇವೆ. ನಮ್ಮ ಮೇಲೆ ಯಾರೂ ಕೈ ಎತ್ತಬಾರದೆಂದು ಬಯಸುವ ನಾವು ಬೇರೆಯವರ ಮೇಲೆ ಎದ್ದ ಕೈಯನ್ನು ಕಂಡು ಸುಮ್ಮನಿರಬಾರದು. ಮುಂದಿನ ಸಲ ಬೀದರಿಗೆ ಹೋದವರು ಝೀರಾದ ಲಂಗರಿನಲ್ಲಿ ಒಮ್ಮೆ ಸಾಲಿನಲ್ಲಿ ಕುಳಿತುಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಪಕ್ಕದಲ್ಲಿ ಕೂತವರು ಯಾರೆಂದು ಕೇಳದೆ ರೊಟ್ಟಿಗೆ ಕೈ ಒಡ್ಡಿ. ಉಗ್ರಾಣದಲ್ಲಿ ಕಾಳು ಅಳೆಯುತ್ತಿದ್ದ ಆ ಮನುಷ್ಯ ಏನು ಹೇಳಿದರು ಎಂಬುದು ಅಲ್ಲಿ ಓದದೆಯೂ ತಿಳಿಯುತ್ತದೆ.